ಹಿಂದಕ್ಕೆ ತಳ್ಳಿದ ಡಬ್ಬಿ

ನನಗೆ ತಕರಾರು ಮಾಡಲು ಬರುವುದಿಲ್ಲ. ಇದೊಂದು ಸದ್ಗುಣವೆಂದೇ ನಂಬಿಕೊಂಡು ಐವತ್ತೆರಡು ವರ್ಷ ಕಳೆದಿದ್ದೇನೆ. ಚಪ್ಪಲಿ ಅಂಗಡಿಯವನು ಒಂದು ನಂಬರು ಚಿಕ್ಕದನ್ನು ತೊಡಿಸಿ, "ಹಾಕ್ಕೊಂಡಂಗ ಸಡ್ಲಾಗತೈತ್ರಿ" ಎಂದರೆ, ತಪ್ಪು ನನ್ನ ಪಾದದ್ದೇ ಇರಬೇಕು ಎಂದುಕೊಂಡು ಕುಂಟುತ್ತ ಮನೆಗೆ ಬರುತ್ತೇನೆ. ಕಟಿಂಗ್ ಅಂಗಡಿಯಲ್ಲಿ ಬೇಡವೆಂದ ಕಡೆಯೇ ಕತ್ತರಿ ಆಡಿಸಿ ಹಿಂದಿನಿಂದ ಕನ್ನಡಿ ಹಿಡಿದಾಗ, ಅಳು ನುಂಗಿಕೊಂಡು "ಛಲೋ ಆಗೇದ" ಎನ್ನುತ್ತೇನೆ. ನನ್ನ ಹೆಂಡತಿ ಗಿರಿಜಾ ಇದಕ್ಕೆ ತದ್ವಿರುದ್ಧ. ಇಳಕಲ್ಲಿನ ಸಂತೆಯಲ್ಲಿ ಅವಳು ದೂರದಿಂದ ಬರುವುದನ್ನು ಕಂಡರೆ ಸಾಕು, ಬದನೆಕಾಯಿ ಮಾರುವವರು ತಾವಾಗಿಯೇ ಹುಳುಕನ್ನು ಆರಿಸಿ ಬದಿಗಿಡುತ್ತಾರೆ. ಒಂದೇ ಮನೆಯಲ್ಲಿ ಇಬ್ಬರು ತಕರಾರಿನವರಿದ್ದರೆ ಸಂಸಾರ ನಡೆಯುವುದಿಲ್ಲವೆಂಬುದು ನನ್ನ ವಾದ. ಅವಳ ವಾದ ಬೇರೆ ಇದೆ; ಅದನ್ನು ಇಲ್ಲಿ ಬರೆಯುವುದು ಬೇಡ.

ಎಲ್ಲವೂ ಸುಖವಾಗಿ ಮುಗಿದಿರುವುದರಿಂದ ಈ ಸಂಗತಿಯನ್ನು ನಿಮ್ಮೆದುರು ನಿರಾಳವಾಗಿ ಹೇಳಬಹುದು. ಆ ದಿನ ಮಧ್ಯಾಹ್ನ ನೀವು ನನ್ನನ್ನು ನೋಡಿದ್ದರೆ, ಇದನ್ನು ಹೇಳಿ ನಗುವ ಕಾಲವೊಂದು ಬರುತ್ತದೆಂದು ನೀವೂ ನಂಬುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಇಳಕಲ್ಲಿಗೊಂದು ಸೂಪರ್ ಮಾರ್ಕೆಟ್ ಬಂತು. ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಕೈಗೊಂದು ಬುಟ್ಟಿ. ಅದರ ಮಾಲೀಕ ಮಲ್ಲು ನನ್ನ ಹಳೆಯ ವಿದ್ಯಾರ್ಥಿ. ನಾನು ಹುನಗುಂದದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಮಲ್ಲು ಇತಿಹಾಸದಲ್ಲಿ ಮೂವತ್ತೈದು ಅಂಕ ತೆಗೆದು ಪಾಸಾದ ಹುಡುಗ. ಆದರೆ ನೂರು ತೆಗೆದವರಾರೂ ಅವನಷ್ಟು ಗೌರವವನ್ನು ನನಗೆ ಕೊಟ್ಟಿಲ್ಲ. ನಾನು ಬಾಗಿಲು ತಳ್ಳಿದೊಡನೆ ಎದ್ದು ಬಂದು ಕಾಲು ಮುಟ್ಟುತ್ತಾನೆ. ಸುತ್ತಲಿನ ಗಿರಾಕಿಗಳು ನೋಡುತ್ತಾರೆ. ನಾನು ಸಂಕೋಚದಿಂದ, ಸ್ವಲ್ಪ ಸುಖದಿಂದಲೂ, "ಇರ್ಲಿ ಬಿಡೋ" ಎನ್ನುತ್ತೇನೆ.

ಅಕ್ಕನ ಮೊಮ್ಮಗಳು ಮನೆಗೆ ಬರುವವಳಿದ್ದಳು. ಅವಳಿಗಿನ್ನೂ ವರ್ಷ ತುಂಬಿಲ್ಲ. ಹಾಲಿನಲ್ಲಿ ಕಲಸಿ ತಿನ್ನಿಸುವ ಕೂಸುಗಳ ಹಿಟ್ಟಿನ ಡಬ್ಬಿಯೊಂದನ್ನು ತಂದಿಡಬೇಕೆಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಮಲ್ಲುವಿನ ಅಂಗಡಿಗೆ ಹೋದೆ. ಕೆಳಗಿನ ಸಾಲಿನಲ್ಲಿ ನಾಲ್ಕು ಡಬ್ಬಿಗಳಿದ್ದವು. ಒಂದನ್ನು ಎತ್ತಿ ತಳ ನೋಡಿದೆ.

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಬರುತ್ತದೆ, ಕ್ಷಮಿಸಬೇಕು. ಬಾದಾಮಿ, ಐಹೊಳೆಗಳಲ್ಲಿ ಅರ್ಧ ಸವೆದ ಶಾಸನಗಳ ಮುಂದೆ ಮೊಳಕಾಲೂರಿ, ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದವನು ನಾನು. ಆದರೆ ಈ ಡಬ್ಬಿ, ಪೊಟ್ಟಣಗಳ ತಾರೀಖು ಓದುವುದು ಅದಕ್ಕಿಂತ ಕಷ್ಟ. ಶಾಸನ ಬರೆಸಿದವರಿಗೆ ಜನ ಓದಲಿ ಎಂಬ ಆಸೆಯಿತ್ತು. ಡಬ್ಬಿಯ ಮೇಲೆ ತಾರೀಖು ಹೊಡೆಯುವವರಿಗೆ ಹಾಗೇನೂ ಇದ್ದಂತಿಲ್ಲ. ಮಡಿಕೆಯ ಸಂದಿಯಲ್ಲಿ, ಅಂಟಿನ ಮೇಲೆ, ಸಾಸಿವೆಯಂಥ ಚುಕ್ಕೆಗಳಲ್ಲಿ ಇಟ್ಟಿರುತ್ತಾರೆ. ಹಳೆಯ ಕಾಲದ ಅರಸರು ಒಂದು ಹೊಲ ದಾನ ಕೊಟ್ಟರೂ 'ಆಚಂದ್ರಾರ್ಕ' ಎಂದು ಕೊರೆಸುತ್ತಿದ್ದರು. ಚಂದ್ರ ಸೂರ್ಯರಿರುವವರೆಗೂ ಆ ದಾನ ಕೆಡುವಂತಿಲ್ಲ. ಬಿಸ್ಕತ್ತಿನ ಕಂಪನಿಗೆ ಅಷ್ಟು ಧೈರ್ಯವಿಲ್ಲ, ಆರು ತಿಂಗಳಿಗೆ ಕೈ ಮುಗಿಯುತ್ತದೆ. ನಮ್ಮ ಮನೆಯ ಒಣಗಿಸಿಟ್ಟ ಜೋಳದ ಕಟಕ ರೊಟ್ಟಿಗಂತೂ ತಾರೀಖೇ ಇಲ್ಲ. ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತು, ತಿನ್ನುವವರ ಹಲ್ಲಿನ ಆಯುಷ್ಯ ಎಷ್ಟೆಂದು ಅದೇ ಲೆಕ್ಕ ಹಾಕುತ್ತಿರುತ್ತದೆ.

ಡಬ್ಬಿಯ ಮಾತಿಗೆ ಬರೋಣ. ಕನ್ನಡಕ ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಬೆಳಕಿಗೆ ಹಿಡಿದು ಓದಿದೆ. ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಉಳಿದ ಮೂರನ್ನೂ ನೋಡಿದೆ. ಎಲ್ಲವೂ ಅದೇ ತಿಂಗಳಿನವು.

ಅಷ್ಟರಲ್ಲಿ ಮಲ್ಲು ನನಗಾಗಿ ಚಹಾ ತರಿಸಿದ. "ಸರ್, ಏನ್ ಬೇಕಾಗಿತ್ರಿ? ಹೇಳ್ರಿ, ನಾನ ತಗೊಂಡ್ ಬರ್ತೇನಿ" ಎಂದ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ಆದರೆ ಕಾಲು ಮುಟ್ಟಿದವನ ಎದುರು, ಅವನದೇ ಚಹಾ ಕೈಯಲ್ಲಿ ಹಿಡಿದುಕೊಂಡು, ನಾಲ್ಕು ಗಿರಾಕಿಗಳ ಮುಂದೆ 'ನಿನ್ನ ಮಾಲು ಕೆಟ್ಟಿದೆ' ಎನ್ನುವುದು ಹೇಗೆ? "ಏನಿಲ್ಲೋ, ಸುಮ್ನ ನೋಡಾಕ ಬಂದಿದ್ದೆ" ಎಂದೆ. ಚಹಾ ಕುಡಿದೆ. ಹೊರಡುವ ಮೊದಲು ಯಾರೂ ನೋಡದ ಹೊತ್ತಿನಲ್ಲಿ ಬಗ್ಗಿ, ನಾಲ್ಕೂ ಡಬ್ಬಿಗಳನ್ನು ಬೇರೆ ಡಬ್ಬಿಗಳ ಹಿಂದಕ್ಕೆ, ಗೋಡೆಗೆ ತಾಗುವ ಹಾಗೆ ತಳ್ಳಿದೆ. ಯಾರ ಕಣ್ಣಿಗೂ ಬೀಳದಿದ್ದರೆ ಯಾರೂ ಕೊಳ್ಳುವುದಿಲ್ಲ ಎಂಬುದು ನನ್ನ ಯೋಚನೆ. ಔಷಧಿ ಅಂಗಡಿಯಿಂದ ಬೇರೆ ಡಬ್ಬಿ ಕೊಂಡು ಮನೆಗೆ ಬಂದೆ. ಸಮಾಜಕ್ಕೆ ಸದ್ದಿಲ್ಲದೆ ಒಂದು ಉಪಕಾರ ಮಾಡಿದ ಸಮಾಧಾನವೂ ಇತ್ತು.

ಮೊಮ್ಮಗಳು ಬಂದಳು, ನನ್ನ ಕನ್ನಡಕ ಮುರಿದಳು, ಹೋದಳು. ಒಂದು ವಾರವಾಯಿತು. ಭಾನುವಾರ ಬೆಳಿಗ್ಗೆ ಗಿರಿಜಾ ಸಾಬೂನು ತರಲೆಂದು ಅದೇ ಅಂಗಡಿಗೆ ಹೊರಟಳು. ಚೀಲ ಹಿಡಿಯಲು ನಾನು. ಅವಳು ಸಾಬೂನಿನ ಸಾಲಿನಲ್ಲಿದ್ದಾಗ ನನ್ನ ಕಾಲು ತಾನಾಗಿಯೇ ಆ ಕಡೆಗೆ ಹೋಯಿತು. ಡಬ್ಬಿಗಳು ಗೋಡೆಯ ಹತ್ತಿರ ಇರಲಿಲ್ಲ. ಎಲ್ಲಕ್ಕಿಂತ ಮುಂದೆ, ಧೂಳು ಒರೆಸಿಕೊಂಡು, ಸಾಲಾಗಿ ನಿಂತಿದ್ದವು. ಎಣಿಸಿದೆ. ಮೂರು. ಇನ್ನೊಮ್ಮೆ ಎಣಿಸಿದೆ. ಮೂರೇ.

ನನ್ನ ಮುಖ ಹೇಗಾಗಿತ್ತೋ ಗೊತ್ತಿಲ್ಲ. ಗಿರಿಜಾ ಬಂದವಳೇ, "ಯಾಕ್ರಿ, ಎದಿ ನೋವೇನು?" ಎಂದಳು. ಹೇಳಿಬಿಟ್ಟೆ. ಅವಳು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. "ಕಂಡೂ ಸುಮ್ನಿದ್ರ್ಯಾ?" ಎಂದು ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಬಹಳ ಸಲ ಕೇಳಿಲ್ಲ, ಹೆದರಿಕೆಯಾಯಿತು.

ಮೂರೂ ಡಬ್ಬಿಗಳನ್ನು ಅವುಚಿಕೊಂಡು ಹೋಗಿ ಬಿಲ್ಲು ಮಾಡುವ ರೇಣುಕಾಳ ಮುಂದಿಟ್ಟಳು. "ನಾಲ್ಕನೇದ್ ಯಾರಿಗ್ ಮಾರೀದಿ?"

ರೇಣುಕಾ ತಾರೀಖು ನೋಡಿ ಬೆಚ್ಚಿದಳು. "ಅಯ್ಯ ಶಿವನ! ಯಾರೋ ಇವನ್ನ ಹಿಂದ ದಬ್ಬಿ ಇಟ್ಟಿದ್ರ್ರಿ ಅಕ್ಕಾರ. ಧೂಳ ಹೊಡಿಯಾಕ ಹೋದಾಗ ಸಿಕ್ಕುವು. ಪಾಪ, ಹಿಂದ ಇದ್ರ ಯಾರಿಗೂ ಕಾಣೂದಿಲ್ಲ ಅಂತ ನಾನ ಒರಿಸಿ ಮುಂದಿಟ್ಟೆ."

ಗಿರಿಜಾ ನನ್ನತ್ತ ನೋಡಲಿಲ್ಲ. ಅದಕ್ಕಾಗಿ ಇಂದಿಗೂ ನಾನು ಅವಳಿಗೆ ಋಣಿ.

ಮಲ್ಲು ಓಡಿ ಬಂದ. ಬಿಲ್ಲಿನ ಜೊತೆ ಗಿರಾಕಿಯ ಫೋನ್ ನಂಬರು ಕಂಪ್ಯೂಟರಿನಲ್ಲಿತ್ತು. ಕೊಂಡು ಹೋದದ್ದು ಹಿಂದಿನ ದಿನ ಸಂಜೆ. ಫೋನು ಹಚ್ಚಿದರೆ ಸ್ವಿಚ್ ಆಫ್. ಮತ್ತೆ ಹಚ್ಚಿದರೂ ಅದೇ. ರೇಣುಕಾಳಿಗೆ ಆತ ನೆನಪಿದ್ದ. "ಐಹೊಳಿಯಾಗ ಗೈಡ್ ಅದೇನಿ ಅಂದ್ರ್ರಿ. ಹನಮಂತ ಅಂತ ಹೆಸರು. ಕೂಸಿನ ತೂಕ ಭಾಳ ಕಡಿಮಿ ಐತಿ, ದವಾಖಾನ್ಯಾಗ ಇಂಥಾದ್ ತಿನಸಾಕ ಹೇಳ್ಯಾರ ಅಂದ್ರ್ರಿ." ಅಷ್ಟು ಹೇಳಿ ಅವಳು ಅಳತೊಡಗಿದಳು.

ತೂಕ ಕಡಿಮೆಯಿರುವ ಕೂಸು.

ಮಲ್ಲು ಕಾರಿನ ಕೀಲಿ ತೆಗೆದುಕೊಂಡ. ಮೂವರೂ ಹೊರಟೆವು. ಹುನಗುಂದದ ದಾರಿ ಹಿಡಿದೆವು. ಆ ದಾರಿಯಲ್ಲಿ ದಿನಾ ಕಾಲೇಜಿಗೆ ಓಡಾಡುವವನು ನಾನು. ಅಂದಿನಷ್ಟು ಉದ್ದ ಅದು ಎಂದೂ ಇರಲಿಲ್ಲ. ಕಡೆಗೆ ತಡೆಯಲಾರದೆ, "ಮಲ್ಲು, ಆ ಡಬ್ಬಿ ಹಿಂದ ದಬ್ಬಿದವ ನಾನ. ಹೋದ ವಾರನ ನೋಡಿದ್ದೆ" ಎಂದೆ.

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸರ್, ನನ್ನ ಪೇಪರಿನ್ಯಾಗ ಒಂದ್ ಇಸವಿ ತಪ್ಪಿದ್ರ ಕೆಂಪು ಪೆನ್ನಿನಿಂದ ಗುಂಡಾಗಿ ಸುತ್ತು ಹಾಕ್ತಿದ್ರಿ. ಸತ್ತ ರಾಜಾನ ತಾರೀಖಿಗೆ ಅಷ್ಟ್ ಸಿಟ್ಟು ಮಾಡ್ತಿದ್ರಿ" ಎಂದ. ಆಮೇಲೆ ದನಿ ಇಳಿಸಿ, "ನನಗ ಒಂದ್ ಮಾತು ಹೇಳಿದ್ರ ನಾ ಏನ್ ಸಿಟ್ಟಾಗ್ತಿದ್ನೇನ್ರಿ?" ಎಂದ.

ಅವನಿಗೆ ಬೇಸರವಾಗಬಾರದೆಂದು ಸುಮ್ಮನಿದ್ದೆ ಎಂದು ಅಲ್ಲಿಯವರೆಗೆ ನನಗೆ ನಾನೇ ಹೇಳಿಕೊಂಡಿದ್ದೆ. ಖರೆ ಹೇಳಬೇಕೆಂದರೆ, ಅವನು ಕಾಲು ಮುಟ್ಟುವುದು ನಿಂತೀತೆಂದು ಸುಮ್ಮನಿದ್ದೆ.

ಅಮೀನಗಡ ದಾಟಿ ಐಹೊಳೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗುಡಿಗಳ ಗೇಟಿನ ಹತ್ತಿರ ಕೇಳಿದೆವು. ಹನಮಂತ ಒಳಗೆ ಒಂದಿಷ್ಟು ಪ್ರವಾಸಿಗರಿಗೆ ಕಂಬದ ಕೆತ್ತನೆ ತೋರಿಸುತ್ತಿದ್ದ. ಮೂವತ್ತರ ಆಸುಪಾಸಿನ, ತೆಳ್ಳಗಿನ ಮನುಷ್ಯ. ನಾವು ಓಡಿಕೊಂಡು ಬರುವುದನ್ನು ಕಂಡು, ತಡವಾಗಿ ಬಂದ ಪ್ರವಾಸಿಗರೆಂದು ತಿಳಿದು, "ಬರ್ರಿ, ಬರ್ರಿ, ಇನ್ನೂ ಆರನೇ ಶತಮಾನದಾಗ ಅದೀವಿ" ಎಂದ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಶತಮಾನದ ಬಗ್ಗೆ ಸ್ವಲ್ಪ ಚರ್ಚೆಯನ್ನೂ ಮಾಡುತ್ತಿದ್ದೆ.

ಗಿರಿಜಾ ನೇರವಾಗಿ ಕೇಳಿದಳು: "ನಿನ್ನಿ ಇಳಕಲ್ಲಿಂದ ಒಯ್ದ ಕೂಸಿನ ಡಬ್ಬಿ ಒಡದೀರೇನು?"

ಅವನ ಮುಖ ಬಿಳಿಚಿತು. "ನಿನ್ನಿನ ಒಡದೀವ್ರಿ. ಯಾಕ್ರಿ?"

ಹೇಳಿದೆವು. ಪ್ರವಾಸಿಗರನ್ನು ಅಲ್ಲೇ ಕಂಬದ ಕೆಳಗೆ ಬಿಟ್ಟು ಅವನು ಓಡಿದ. ಹಿಂದೆ ನಾವು. ಗುಡಿಗಳ ಆಚೆಗಿನ ಓಣಿಯಲ್ಲಿ ಅವನ ಮನೆ. ಕಟ್ಟೆಯ ಮೇಲೆ ಅವನ ತಾಯಿ ಯಲ್ಲವ್ವ ಕೂತಿದ್ದಳು. ಕಾಲ ಮೇಲೆ ಎಂಟು ತಿಂಗಳ ಹೆಣ್ಣುಕೂಸು. ಕೂಸಿನ ಬಾಯಿ, ಗಲ್ಲ, ಮೂಗಿನ ತುದಿಗೆಲ್ಲ ಏನೋ ಬೆಳ್ಳಗೆ ಮೆತ್ತಿಕೊಂಡಿತ್ತು. ಮುದುಕಿಯ ಬೆರಳಲ್ಲಿ ಮತ್ತೊಂದು ತುತ್ತು.

"ಯವ್ವಾ, ನಿಲ್ಲಸು!" ಎಂದು ಹನಮಂತ ಕೂಗಿದ ಕೂಗಿಗೆ ಕೂಸು ಅತ್ತಿತು, ಕೋಳಿಗಳು ಹಾರಿದವು. "ಡಬ್ಬ್ಯಾಂದು ತಿನಸೀ ಏನು?"

ಯಲ್ಲವ್ವ ಕೂಸನ್ನು ಎದೆಗೆ ಒತ್ತಿಕೊಂಡು ನಮ್ಮನ್ನೆಲ್ಲ ಒಂದು ಸಲ ನೋಡಿದಳು. "ಯಾ ಡಬ್ಬಿ? ಆ ಕಮಟು ಡಬ್ಬಿನಾ? ಮುಚ್ಚಳ ತಗದ ಕೂಡ್ಲೇ ಹಳೀ ಎಣ್ಣಿ ವಾಸನಿ ಬಡೀತು. ಹಿತ್ತಲಾಗ ಇಟ್ಟೇನಿ. ಇದು ಅಕ್ಕಿ ಹೆಸರುಬ್ಯಾಳಿ ಗಂಜಿ, ನಾನ ಕುದಿಸಿದ್ದು. ಅದರದ್ದು ಒಂದ್ ಚೂರೂ ಕೂಸಿನ ಬಾಯಿಗ್ ಹಾಕಿಲ್ಲ."

ನಾನು ಆ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಲ್ಲು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಗಿರಿಜಾ ಕೂಸನ್ನು ಕೇಳದೆಯೇ ಎತ್ತಿಕೊಂಡು ಸೆರಗಿನಿಂದ ಅದರ ಮುಖ ಒರೆಸಿದಳು, ಜೊತೆಗೆ ತನ್ನದನ್ನೂ. ಎದೆಯ ಮೇಲಿನ ಕಲ್ಲು ಇಳಿಯುವುದೆಂದರೆ ಏನೆಂದು ಅಲ್ಲಿಯವರೆಗೆ ಬರಿ ಮಾತಿನಲ್ಲಿ ಗೊತ್ತಿತ್ತು. ಅಂದು ಅದರ ತೂಕ ಇಳಿದದ್ದು ಮೈಗೆ ತಿಳಿಯಿತು.

"ನಿನ್ನಿ ರಾತ್ರಿನ ಹೇಳಿದ್ನಿ ಇವಗ, ಹೋಗಿ ಅಂಗಡಿಯವನ ಮಾರಿ ಮ್ಯಾಲ ಒಗದ್ ಬಾ ಅಂತ" ಎಂದು ಯಲ್ಲವ್ವ ಮಗನತ್ತ ಕೈ ಮಾಡಿದಳು.

ಹನಮಂತ ತಲೆ ಕೆರೆದುಕೊಂಡ. "ಅಷ್ಟ್ ದೊಡ್ಡ ಅಂಗಡಿರಿ, ಏಸಿ ಹಾಕ್ಯಾರ. ಅಲ್ಲಿ ಕೆಟ್ಟದ್ ಎಲ್ಲಿ ಇರತೈತಿ, ತಿನಸು ಅಂತ ಯವ್ವಗ ಹೇಳಿ ಬಂದಿದ್ನಿ. ವಾಸನಿ ಬರತೈತಿ ಅಂತ ಹೆಂಗ ಹೇಳೂದು? ನಾಚಿಕಿ ಬಂತ್ರಿ."

ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ನನ್ನ ಜಾತಿಯವನೊಬ್ಬ ಸಿಕ್ಕಿದ್ದ.

ಮಲ್ಲು ಯಲ್ಲವ್ವನ ಕಾಲಿಗೆ ಬಿದ್ದ. ಔಷಧಿ ಅಂಗಡಿಯಿಂದ ಒಳ್ಳೆಯ ಡಬ್ಬಿ ತಂದುಕೊಡುತ್ತೇನೆಂದ, ಕೂಸಿನ ಡಾಕ್ಟರಿಗೆ ತೋರಿಸೋಣವೆಂದ. ಅವಳು, "ಗಂಜಿ ಕುಡದು ಎಲ್ಲಾರಗಿಂತ ಗಟ್ಟಿ ಒದರಾಕತ್ತೈತಿ, ಏನ್ ತೋರಿಸ್ತಿ?" ಎಂದಳು. ಎಲ್ಲವನ್ನೂ ಹೇಳಿ ಮುಗಿಸಬೇಕೆಂದು ನಾನೂ ಬಾಯಿಬಿಟ್ಟೆ: ವಾರದ ಹಿಂದೆಯೇ ನೋಡಿದ್ದೆ, ಹೇಳಲಿಲ್ಲ, ಹಿಂದಕ್ಕೆ ತಳ್ಳಿ ಬಂದೆ. ಅವಳು ಬಯ್ಯಲಿಲ್ಲ. ನನ್ನ ಕನ್ನಡಕದ ಮುರಿದ ಕಡ್ಡಿಗೆ ಸುತ್ತಿದ ದಾರವನ್ನು ನೋಡುತ್ತ, "ಮಾಸ್ತರ್ರಾ, ನನಗ ಓದಾಕ ಬರೂದಿಲ್ಲ, ಅದಕ್ಕ ಮೂಸಿ ನೋಡಿದೆ. ನಿಮಗ ಓದಾಕ ಬರತಿತ್ತು" ಎಂದಳು. ಅಷ್ಟೇ. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ಮಜ್ಜಿಗೆ ತಂದಳು. ಕಂಬದ ಕೆಳಗೆ ಕಾದು ಕಾದು ಹುಡುಕಿಕೊಂಡು ಬಂದ ಪ್ರವಾಸಿಗರಿಗೂ ಸಿಕ್ಕಿತು.

ಹೊತ್ತು ಇಳಿಯುವ ಮೊದಲು ಮಲ್ಲು ತಾನು ಹೇಳಿದ್ದ ಒಳ್ಳೆಯ ಡಬ್ಬಿಯನ್ನು ತಂದುಕೊಟ್ಟ. ಮುದುಕಿ ಅದನ್ನೂ ಮೂಸಿ ನೋಡಿಯೇ ಒಳಗಿಟ್ಟಳು. ಇಳಕಲ್ಲಿಗೆ ಮರಳಿದ ಮೇಲೆ ಅವನು ಅಂಗಡಿಯ ಬಾಗಿಲು ಹಾಕಿ, ರೇಣುಕಾಳೊಡನೆ ಕೂತು ಪ್ರತಿ ಸಾಲನ್ನೂ ತಪಾಸಣೆ ಮಾಡಿದನಂತೆ. ಹಳೆಯ ಮಾಲು ಎರಡು ಚೀಲ ತುಂಬಿತಂತೆ. ಕೂಸಿನ ತೂಕ ಏರುತ್ತಿದೆ ಎಂದು ಹನಮಂತ ಆಗಾಗ ಫೋನು ಮಾಡುತ್ತಾನೆ. ಏರಿದ ತೂಕದಲ್ಲಿ ನನ್ನದೂ ಒಂದಿಷ್ಟು ಪಾಲಿದೆ ಎಂಬಂತೆ ನಾನು ಅದನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗುತ್ತೇನೆ.

ತಕರಾರು ಮಾಡುವುದನ್ನು ಈಗ ಹೊಸದಾಗಿ ಕಲಿಯುತ್ತಿದ್ದೇನೆ. ಮೊನ್ನೆ ಹುನಗುಂದದ ಬಸ್ ನಿಲ್ದಾಣದೆದುರಿನ ಹೋಟೆಲಿನಲ್ಲಿ ಅವಲಕ್ಕಿಗೆ ಉಪ್ಪೇ ಇರಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡು, "ಉಪ್ಪು ಕಡಿಮಿ ಆಗೇದ" ಎಂದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತವನಿಗೆ ಕೇಳಿಸಲಿಲ್ಲ. ಜೋರಾಗಿ ಹೇಳಿದೆ. ಭೂಮಿ ಬಾಯ್ದೆರೆಯಲಿಲ್ಲ. ಅವನು ಬಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ಅಯ್ಯ, ಖರೇನ ಇಲ್ರಿ! ಮುಂಜಾನಿಂದ ಅರವತ್ತ್ ಪ್ಲೇಟ್ ಹ್ವಾದುವು, ಒಬ್ರೂ ಅನ್ಲಿಲ್ಲ ನೋಡ್ರಿ" ಎಂದು ನನಗೆ ಕೈ ಮುಗಿದು, ಉಪ್ಪಿನ ಬಟ್ಟಲನ್ನೇ ತಂದಿಟ್ಟ. ಹೊಸ ಉತ್ಸಾಹದಲ್ಲಿ ಸ್ವಲ್ಪ ಹೆಚ್ಚಾಗಿಯೇ ಹಾಕಿಕೊಂಡುಬಿಟ್ಟೆ. ಆ ತಕರಾರನ್ನು ಯಾರ ಹತ್ತಿರ ಹೇಳುವುದು? ನೀರು ಕುಡಿಯುತ್ತ ಪೂರ್ತಿ ತಿಂದು ಎದ್ದೆ.