ಜಾತಿಗೆ ಸಾಕ್ಷಿ ಹೇಳಿದವರು

ಮೀಸಲಾತಿಯಲ್ಲಿ ನನಗೆ ಚಿಂತಾಮಣಿ ಕಡೆ ಹೈಸ್ಕೂಲ್ ಟೀಚರ್ ಕೆಲಸ ಸಿಕ್ಕಿತ್ತು, ಆದೇಶ ಮಾತ್ರ ಕೈಗೆ ಬಂದಿರಲಿಲ್ಲ. ಜಾತಿ ಪ್ರಮಾಣಪತ್ರ ನಿಜವೇ ಎಂದು ಅಧಿಕಾರಿಯೊಬ್ಬರು ಊರಿಗೇ ಬಂದು ವಿಚಾರಿಸಬೇಕಂತೆ. ತೀರಿಹೋದ ಅಪ್ಪ ಶಾಲೆಯ ಮುಖ ಕಂಡವರಲ್ಲ, ದಾಖಲೆ ಎಲ್ಲಿಂದ ತರೋದು? ಹಾಗಾದರೆ ಊರ ಹಿರಿಯರೊಬ್ಬರ ಹೇಳಿಕೆ ಬೇಕು ಎಂದರು. ಜಂಗಮಕೋಟೆಯಾಚೆಯ ನಮ್ಮೂರಲ್ಲಿ ಹಿರಿಯರೆಂದರೆ ಒಬ್ಬರೇ. ಅವರ ಹಿಪ್ಪುನೇರಳೆ ತೋಟದಲ್ಲೇ ನಮ್ಮಜ್ಜಿ ಕೂಲಿ ಮಾಡಿ ಸವೆದದ್ದು. ಅವರು ಗೊತ್ತಿಲ್ಲ ಅಂದುಬಿಟ್ಟರೆ ನನ್ನ ಕೆಲಸಕ್ಕೆ ಎಳ್ಳುನೀರು.

ಆರನೇ ವಯಸ್ಸಿಗೇ ಚಿಕ್ಕಬಳ್ಳಾಪುರದ ಹಾಸ್ಟೆಲ್ ಸೇರಿದವಳು ನಾನು. ಆ ಹಿರಿಯರ ಮನೆಯ ಮುಂದೆ ಎಂದೂ ಹೋಗಿರಲಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ. "ಏನಂದ್ರೂ ಬಾಯಿ ಬಿಡ್ಬೇಡ ಕಣಮ್ಮ" ಎಂದು ಹೇಳಿ ಕಳಿಸಿದ ಅಮ್ಮ ತಾನು ಮಾತ್ರ ಬರಲಿಲ್ಲ.

ಮಟಮಟ ಮಧ್ಯಾಹ್ನ. ಪಕ್ಕದ ಹುಳುಮನೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೀದಿಯಲ್ಲಿ ನರಪಿಳ್ಳೆಯೂ ಇಲ್ಲ. ಹಿರಿಯರ ಜೊತೆ ಅವರ ಜಗಲಿಯ ಮೇಲೆ ಕೂತಿದ್ದ ಅಧಿಕಾರಿ, "ಇವರ ಮನೆತನ ಗೊತ್ತಾ?" ಅಂದರು.

ಮುದುಕರು ಕಣ್ಣು ಮುಚ್ಚಿಕೊಂಡು ಶುರು ಮಾಡಿದರು. ಅಪ್ಪ, ತಾತ, ಮುತ್ತಾತ, ಅವನಪ್ಪ. ನಾನು ಕೇಳೇ ಇರದ ಹೆಸರುಗಳು. ಯಾರು ಯಾವ ಹುಣಸೆಮರದ ಕೆಳಗೆ ಪ್ರಾಣ ಬಿಟ್ಟ, ಯಾರನ್ನು ಯಾವ ಬದುವಿನಲ್ಲಿ ಹೂತರು, ಎಲ್ಲ. ಅಪ್ಪನಿಗೊಬ್ಬಳು ತಂಗಿ ಹುಟ್ಟಿ ಮೂರನೇ ದಿನಕ್ಕೇ ಹೋದಳಂತೆ, ಅದು ನಮ್ಮಮ್ಮನಿಗೂ ತಿಳಿಯದು. ನನ್ನ ಹೆಸರನ್ನೂ ಕೇಳದ ಮನುಷ್ಯ ನಮ್ಮ ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಆ ಬಿಸಿಲಲ್ಲೂ ಮೈ ಜುಮ್ಮೆಂದಿತು. ಹೇಳಿಕೊಳ್ಳಲು ನಾಚಿಕೆ, ಒಳಗೊಳಗೇ ಖುಷಿಯೂ ಆಯಿತು. ಕೆಲಸ ಗಟ್ಟಿಯಾಗುತ್ತಿತ್ತಲ್ಲ!

ಅಧಿಕಾರಿಗೆ ಇನ್ನೂ ಸಮಾಧಾನವಿರಲಿಲ್ಲ. "ಅದೆಲ್ಲ ಸರಿ ಸ್ವಾಮಿ. ಈ ಹುಡುಗಿ ಅದೇ ಮನೆಯವಳು ಅಂತ ಹೆಂಗೆ ಹೇಳ್ತೀರಾ? ನೀವು ಇವಳನ್ನ ನೋಡೇ ಇಲ್ವಲ್ಲ."

ಮುದುಕರು ಆಗ ಕಣ್ಣು ಬಿಟ್ಟರು. ಮೊದಲ ಸಲ ನನ್ನನ್ನು ನೋಡಿ, ಪ್ರೀತಿಯಿಂದಲೇ ನಕ್ಕರು.

"ಇಲ್ಲಿ ಕುರ್ಚಿ ಖಾಲಿ ಐತೆ, ಕೂರ್ಬೇಡ ಅಂತ ಯಾರೂ ಅಂದಿಲ್ಲ. ಅವಳು ಎಲ್ಲಿ ನಿಂತವ್ಳೆ ನೋಡಿ ಸಾರ್. ಅವರಜ್ಜಿ ನಿಲ್ತಿದ್ದಿದ್ದೂ ಅಲ್ಲೇ, ಹಂಗೇನೇ."

ನಾನು ಕೆಳಗೆ ನೋಡಿಕೊಂಡೆ. ಜಗಲಿಯಿಂದ ಹತ್ತು ಹೆಜ್ಜೆ ದೂರ, ಚರಂಡಿಯ ಆಚೆ ನಿಂತಿದ್ದೆ. ಕಾಲು ಬರಿಗಾಲು. ಚಪ್ಪಲಿ ನನ್ನ ಕೈಯಲ್ಲಿತ್ತು. ಯಾವಾಗ ಬಿಟ್ಟೆನೋ, ಯಾವಾಗ ಎತ್ತಿಕೊಂಡೆನೋ, ದೇವರಾಣೆ ಇವತ್ತಿಗೂ ನೆನಪಿಲ್ಲ.

ಅಧಿಕಾರಿ ನನ್ನ ಕಾಲನ್ನೊಮ್ಮೆ ನೋಡಿ, ಹಾಳೆಯ ಮೇಲೆ 'ಖಚಿತ' ಎಂದು ಬರೆದುಕೊಂಡರು.