ಯಾರದೋ ಹಳದಿ ಚೀಲ

ಪ್ಲೇಟ್‌ಲೆಟ್ ತುಂಬಿದ ಚೀಲ ಕೆಂಪಗಿರುವುದಿಲ್ಲ. ಬೇಳೆ ಬೇಯಿಸಿ ಬಸಿದ ಕಟ್ಟಿನ ಹಾಗೆ ಹಳದಿಯಾಗಿರುತ್ತದೆ. ನನ್ನ ತೋಳಿನ ರಕ್ತವನ್ನು ಯಂತ್ರಕ್ಕೆ ಹರಿಸಿ, ಅದಷ್ಟನ್ನು ಸೋಸಿಕೊಂಡು, ಉಳಿದದ್ದನ್ನು ನನಗೇ ವಾಪಸು ಕೊಟ್ಟರು. ಆ ಚೀಲವನ್ನು ಹೆಂಡತಿಯ ಮಂಚದ ಪಕ್ಕ ತೂಗುಹಾಕಿದಾಗ, ಕೊನೆಯ ಹನಿ ಇಳಿಯುವವರೆಗೂ ಅಲ್ಲೇ ನಿಂತಿದ್ದೆ.

ಅವಳ ಎಲುಬಿನೊಳಗಿನ ಮಜ್ಜೆ ರಕ್ತ ಮಾಡುವುದನ್ನು ನಿಲ್ಲಿಸುತ್ತ ಬಂದಿತ್ತು. ಒಸಡಿನಿಂದ ತಾನಾಗಿಯೇ ರಕ್ತ ಜಿನುಗುತ್ತಿತ್ತು. ಯಾರೂ ಮುಟ್ಟದಿದ್ದರೂ ತೋಳಿನ ಮೇಲೆ ನೀಲಿ ಕಲೆಗಳು. ಹೀಗೇ ತಲೆಯೊಳಗೆ ಸೋರಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದರು. ಅವತ್ತು ನಾನೇ ಹಟ ಹಿಡಿದಿದ್ದೆ, ನನ್ನದೇ ಕೊಡ್ತೀನಿ ಅಂತ. ರಕ್ತದ ಗುಂಪೂ ಒಂದೇ ಇತ್ತು. ಅವಳು ನನ್ನ ಅಕ್ಕನ ಮಗಳು. ನಮ್ಮ ಬಳಗದಲ್ಲಿ ಹಾಗೆಯೇ ಕೊಟ್ಟು ತಂದು ಮಾಡುತ್ತ ಬಂದಿದ್ದಾರೆ. ಲಗ್ನವಾಗಿ ಇಷ್ಟು ವರ್ಷವಾದರೂ ಅವಳು ನನ್ನನ್ನು ಕರೆಯುವುದು ಮಾಮಾ ಎಂದೇ.

ಚೀಲ ಮುಗಿದ ಮೇಲೆ ರಕ್ತ ತೆಗೆದು ನೋಡಿದರು. ಏನೂ ಏರಿರಲಿಲ್ಲ. ಮರುದಿನ ಬ್ಲಡ್ ಬ್ಯಾಂಕಿನಲ್ಲಿದ್ದ ಬೇರೆಯವರ ಚೀಲ ಹಾಕಿದರು. ಅದೂ ನಿಲ್ಲಲಿಲ್ಲ.

ಸುದ್ದಿ ಜತ್ತ ತಾಲ್ಲೂಕಿನ ಮುಚ್ಚಂಡಿ ಕಡೆಯ ನಮ್ಮ ಗಡಿಯೂರಿಗೆ ಮುಟ್ಟಿತು. ಅವಳ ತಮ್ಮ ಜೀಪು ತುಂಬ ಮನೆತನದ ಗಂಡಸರನ್ನು ಕರಕೊಂಡು ಬಂದ. ಅಂಗಿಯ ತೋಳು ಆಗಲೇ ಮಡಿಚಿದ್ದ.

"ಎಷ್ಟ ಬೇಕೋ ತಕ್ಕೋರಿ ಸಾಹೇಬ್ರ. ಎಲ್ಲಾರದೂ ಒಂದಽ ರಕ್ತ ಐತಿ."

"ಅದೇ ತೊಂದರೆ," ಎಂದರು ಡಾಕ್ಟರು ಮರಾಠಿಯಲ್ಲಿ. ನನ್ನ ಕಡೆ ತಿರುಗಿ, "ಮಕ್ಕಳೆಷ್ಟು?" ಎಂದು ಕೇಳಿದರು. ಈ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ಸಿಟ್ಟು ಬಂತು. ಮೂರು ಎಂದೆ.

ಅವರು ಅವಸರ ಮಾಡದೆ ತಿಳಿಸಿ ಹೇಳಿದರು. ಬಸಿರಿನಲ್ಲಿ ಕೂಸಿನ ರಕ್ತ ಒಂದಿಷ್ಟು ತಾಯಿಯೊಳಗೆ ಸೇರುತ್ತದೆ. ಅದರಲ್ಲಿ ತಂದೆಯ ಗುರುತು ಇರುತ್ತದೆ. ಕೆಲವು ತಾಯಂದಿರ ಮೈ ಆ ಗುರುತನ್ನು ನೆನಪಿಟ್ಟುಕೊಂಡು, ಮುಂದೆಂದಾದರೂ ಅದು ಒಳಗೆ ಬಂದರೆ ಹುಡುಕಿ ನಾಶಮಾಡುತ್ತದೆ. ಹಾಗಾಗಿ ಅವಳಿಗೆ ಎಲ್ಲರಿಗಿಂತ ಮೊದಲು ಒಲ್ಲದ್ದು ನನ್ನದು, ಆಮೇಲೆ ಆ ಗುರುತನ್ನು ಹೋಲುವ ಹೊರಗಿನವರದ್ದೂ. ಬಳಗದೊಳಗೇ ಸಂಬಂಧ ಬೆಳೆದದ್ದರಿಂದ, ಜೀಪಿನಲ್ಲಿ ಬಂದ ಬಹಳ ಜನರಲ್ಲಿ ಅದೇ ಗುರುತು ಇರಬಹುದು. ತಮ್ಮನದು ಹೊಂದಿದರೂ ಹೊಂದೀತು, ಆದರೆ ಮುಂದೆ ಮಜ್ಜೆ ಹಾಕಬೇಕಾದರೆ ಅವನೇ ಬೇಕು. ಈಗಲೇ ಅವನ ಗುರುತು ಹಿಡಿದರೆ ಆಗ ಅವನ ಮಜ್ಜೆಯನ್ನೂ ಮೈ ಒಲ್ಲೆನ್ನಬಹುದು, ಅದಕ್ಕೆ ಅವನನ್ನು ಈಗ ಮುಟ್ಟುವಂತಿಲ್ಲ.

ತಮ್ಮ ಮಡಿಚಿದ ತೋಳನ್ನು ಇಳಿಸಿಕೊಂಡ. "ಹೊರಗಿನವರು ಬೇಕಂತ ಮಾಮಾ, ನಾವು ಮನಿಯವರು ಬ್ಯಾಡಂತ," ಎಂದು ಒಣ ನಗೆ ನಕ್ಕ. ಸಂಜೆಗೆ ಜೀಪು ಹೊರಟುಹೋಯಿತು.

ಒಳಗೆ ಹೋದಾಗ ಅವಳು ಕೇಳಿದಳು, "ಏನಂದ್ರ ಮಾಮಾ?"

"ಬ್ಯಾರೇದವರದ್ದು ನೋಡ್ತಾರಂತ."

"ನನಗೂ ಮರಾಠಿ ತಿಳೀತದ. ಬಾಗಲಾ ತಗದಽ ಇತ್ತು." ಅವಳು ಬಾಯಿಗೆ ಟವೆಲ್ ಒತ್ತಿಕೊಂಡಳು, ನಕ್ಕರೆ ಒಸಡು ಒಸರುತ್ತಿತ್ತು. "ಮೂರ ಮಕ್ಕಳನ್ನ ಹಡದ ಮೈರಿ ಇದು. ನಿಮ್ಮ ಗುರ್ತು ಹಿಡೀಲಾರದ ಇರ್ತದೇನು?"

ನನಗೆ ನಗು ಬರಲಿಲ್ಲ.

ಆಮೇಲೆ ನನ್ನ ಜಾಗ ಬ್ಲಡ್ ಬ್ಯಾಂಕಿನ ಹೊರಗಿನ ಬೆಂಚು. ಒಳಗೆ ಪರೀಕ್ಷೆ ಮಾಡುವ ಒಬ್ಬ ಹೆಣ್ಣುಮಗಳು, ನಮ್ಮ ಹಾಗೇ ಗಡಿಯ ಕನ್ನಡದವಳು, ಹೆಂಡತಿಯ ರಕ್ತದ ನೀರನ್ನು ಪ್ಲೇಟ್‌ಲೆಟ್ ಕೊಡುವವರ ಮಾದರಿಗಳ ಜೊತೆ ಒಂದೊಂದಾಗಿ ಬೆರೆಸಿ ನೋಡುತ್ತಿದ್ದಳು. ಎರಡೂ ಒಂದಕ್ಕೊಂದು ಎದುರು ಬೀಳದಿದ್ದರೆ ಅದು ಹೊಂದಿದಂತೆ. ಮುಗಿದಾಗಲೆಲ್ಲ ಗಾಜಿನಾಚೆಯಿಂದ ನನ್ನತ್ತ ನೋಡಿ ತಲೆ ಅಲ್ಲಾಡಿಸುತ್ತಿದ್ದಳು. ಕೊಡುವ ಜನ ಇಷ್ಟಿದ್ದರೂ ಇವಳಿಗೆ ಆಗುವವರು ಇಲ್ಲ. ಮಂಚದ ಪಕ್ಕ ಹೋಗಿ ಕೂತರೂ ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಮುಟ್ಟಿದರೆ ಕಲೆ ಏಳುತ್ತಿತ್ತು.

ಒಂದು ಮಧ್ಯಾಹ್ನ ಗಾಜಿನಾಚೆಯ ಹೆಣ್ಣುಮಗಳು ತಲೆ ಅಲ್ಲಾಡಿಸಲಿಲ್ಲ. ಫೋನ್ ಎತ್ತಿಕೊಂಡಳು. ಮರುದಿನ ಬೆಳಿಗ್ಗೆ ಹೊರಗೆ ಬಂದು, "ಬಂದಾರ್ರಿ ಕಾಕಾ, ಒಳಗ ಕೊಡಾಕತ್ತಾರ," ಎಂದಳು.

"ಯಾರ್ರಿ ಅವರು? ಒಮ್ಮೆ ಕಾಲು ಮುಟ್ಟಿ ಬರ್ತೀನಿ."

"ಹೇಳಾಕ ಬರಂಗಿಲ್ರಿ. ಸುಮ್ಮ ಕುಂದ್ರಿ."

ಬಾಗಿಲ ಹೊರಗೆ ಒಂದು ಜೊತೆ ತೊಗಲಿನ ಚಪ್ಪಲಿ ಇದ್ದವು. ಹಿಮ್ಮಡಿ ಸವೆದಿತ್ತು, ಒಂದರ ಪಟ್ಟಿಗೆ ಕಪ್ಪು ದಾರದ ಹೊಲಿಗೆ. ಅಂಚಿಗೆ ಒಣಗಿದ ಎರೆಮಣ್ಣು. ಬಹಳ ಹೊತ್ತು ಅವನ್ನೇ ನೋಡುತ್ತ ಕೂತೆ. ನರ್ಸ್ ಕರೆದಳೆಂದು ಹೆಂಡತಿಯ ವಾರ್ಡಿಗೆ ಹೋಗಿ ಬರುವಷ್ಟರಲ್ಲಿ ಚಪ್ಪಲಿ ಇರಲಿಲ್ಲ.

ಆ ಚೀಲ ಅವಳೊಳಗೆ ನಿಂತಿತು. ಮರುದಿನ ಬೆಳಿಗ್ಗೆ ದಿಂಬಿನ ಮೇಲೆ ಹೊಸ ಕಲೆ ಇರಲಿಲ್ಲ. ಅವಳು ಕಡಕ್ ರೊಟ್ಟಿ ಕೇಳಿದಳು. ಗಟ್ಟಿ ಏನೂ ಕೊಡಬಾರದೆಂದಿದ್ದರಿಂದ ಹಾಲಿನಲ್ಲಿ ನೆನೆಸಿ ಕೊಟ್ಟೆ. ಮುಖ ಕಿವಿಚಿಕೊಂಡೇ ಪೂರ್ತಿ ತಿಂದಳು.

ಈಗ ಅವಳು ಮನೆಯಲ್ಲಿದ್ದಾಳೆ. ಔಷಧಿ ನಿಧಾನವಾಗಿ ಹಿಡಿಯುತ್ತಿದೆ. ಒಸಡು ಮತ್ತೆ ಒಸರಿದರೆ ಆಸ್ಪತ್ರೆಗೆ ಹೋಗುತ್ತೇವೆ, ಬ್ಲಡ್ ಬ್ಯಾಂಕಿನ ಆ ಹೆಣ್ಣುಮಗಳು ಫೋನ್ ಮಾಡುತ್ತಾಳೆ, ಆಚೆ ಆ ಚೀಲ ಕೊಟ್ಟ ಯಾರೋ ಎತ್ತಬೇಕು. ಇಲ್ಲಿಯವರೆಗೆ ಎತ್ತಿದ್ದಾರೆ. ಹೋದ ಸಲ ಬಹಳ ಹೊತ್ತು ಎತ್ತಿರಲಿಲ್ಲ.

ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ನಾನು ಯಾರ ಮುಖವನ್ನೂ ನೋಡುವುದಿಲ್ಲ. ಇಳಿಯುವವರ ಕಾಲು ನೋಡುತ್ತೇನೆ, ಪಟ್ಟಿಗೆ ಕಪ್ಪು ದಾರ ಇದೆಯೇ ಎಂದು.