ಬಾಗಿಲ ಹಿಡಿಯ ಮೇಲೆ ಕೈ

ನಮ್ಮವರಿಗೆ ಒಬ್ಬರ ಮನೆಗೆ ಹೋಗುವುದು ಚೆನ್ನಾಗಿ ಗೊತ್ತು; ಅಲ್ಲಿಂದ ಹೊರಡುವುದು ಮಾತ್ರ ಗೊತ್ತಿಲ್ಲ. ಪರದೇಶದ ಈ ವುಡ್‌ರಿಡ್ಜ್‌ನ ನಮ್ಮ ಮನೆಯಲ್ಲೂ ಊಟ ಮುಗಿಸಿ "ಬರ್ತೀವಿ" ಎಂದು ಎದ್ದವರು ಶೂ ಹಾಕಿಕೊಂಡು, ಜಾಕೆಟ್ಟಿನೊಳಗೆ ಬೆವರುತ್ತಾ, ಬಾಗಿಲಲ್ಲೇ ಇನ್ನೊಂದು ಗಂಟೆ ನಿಲ್ಲುತ್ತಾರೆ. ಮಗಳ ಮದುವೆಯ ಚಿಂತೆ, ಕೆಲಸ ಹೋದ ಸುದ್ದಿ, ಎಲ್ಲ ಹೊರಬೀಳುವುದು ಆಗಲೇ. ಇಷ್ಟೆಲ್ಲ ಗೊತ್ತಿದ್ದೂ ನಾನು ಬೇಸ್ತುಬಿದ್ದೆ.

ನಾನು ಡಾಕ್ಟರು. ನನ್ನ ಗಂಡ ಎಲ್ಕ್ ಗ್ರೋವ್ ವಿಲೇಜ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಯಾವ ಕೆಲಸ ಒಂದು ಕ್ಷಣ ನಿಂತರೂ ಅವರಿಗೆ ಸಂಕಟ. ನನ್ನ ಕ್ಲಿನಿಕ್ಕಿನಲ್ಲಿ ಕಾಯುವವರನ್ನು ನೋಡಿ ತಡೆಯಲಾರದೆ ಒಂದು ಶನಿವಾರ ಸ್ಟಾಪ್‌ವಾಚ್ ಹಿಡಿದು ಬಂದು ಕೂತರು.

"ಪೇಷೆಂಟ್ ಹೊರಡೋಕೆ ಎದ್ಮೇಲೂ ಬಾಗ್ಲಲ್ಲಿ ಮಾತಾಡ್ತಾ ನಿಂತಿರ್ತೀಯಲ್ಲ, ಅದೇ ನೋಡು ವೇಸ್ಟು" ಎಂದರು.

ಹೊಸ ಏರ್ಪಾಟು ಬಂತು. ಪರೀಕ್ಷೆ ಮುಗಿದೊಡನೆ ನಾನೇ ಮೊದಲು ಎದ್ದು ಪಕ್ಕದ ಕೋಣೆಗೆ ಹೋಗುವುದು. ರೋಗಿಯನ್ನು ನರ್ಸ್ ಹಿಂಬಾಗಿಲಿನಿಂದ ಕಳಿಸುವುದು. ಸ್ವಲ್ಪ ದಿನದಲ್ಲೇ ಕಾಯುವ ಕುರ್ಚಿಗಳೆಲ್ಲ ಖಾಲಿ! ನಾನು ಬೀಗಿದ್ದೇ ಬೀಗಿದ್ದು.

ಮೈಸೂರಿನ ಸರೋಜಾ ಆಂಟಿ ಮೊಣಕಾಲು ನೋವೆಂದು ಬಂದರು, ಚಕಚಕನೆ ತೋರಿಸಿಕೊಂಡು ಹೋದರು. ಅಷ್ಟರಲ್ಲಿ ಪೇಜರ್ ಕಾರಿನಲ್ಲೇ ಮರೆತದ್ದು ನೆನಪಾಗಿ ಹೊರಗೆ ಓಡಿದೆ. ಆಂಟಿ ಮಗನ ಕಾರಿಗೆ ಕಾಯುತ್ತಾ ನಿಂತಿದ್ದರು.

"ಬಂದ್ಯಾ? ಒಂದ್ ಮಾತು ಉಳ್ಕೊಂಡಿತ್ತು ಕಣಮ್ಮಾ. ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಂಡ ಹಾಗಾಗತ್ತೆ. ಎಡಗೈಗೂ ಬರತ್ತೆ."

"ಒಳಗೇ ಯಾಕ್ ಹೇಳ್ಲಿಲ್ಲ ಆಂಟಿ?" ಪಾರ್ಕಿಂಗ್ ಲಾಟಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕಿರುಚಿದೆ.

"ಹೊರಡೋವಾಗ ಹೇಳೋಣ ಅಂತಿದ್ದೆ. ನೀನೇ ಮೊದ್ಲು ಹೊರಟ್ಬಿಟ್ಯಲ್ಲ!"

ಆಂಬುಲೆನ್ಸ್ ಕರೆಸಿದೆ. ಹೃದಯದ ಮುಖ್ಯ ರಕ್ತನಾಳವೊಂದು ಮುಚ್ಚಿಹೋಗುವುದರಲ್ಲಿತ್ತು. ಆಂಟಿ ಉಳಿದರು. ಆದರೆ ನಾನು ಪೇಜರ್ ಮರೆಯದೆ ಇದ್ದಿದ್ದರೆ? ಗಂಡನಿಗೆ ಹೇಳಿದೆ. ಅವರು ಎದ್ದು ಹೋಗಿ ಸ್ಟಾಪ್‌ವಾಚನ್ನು ಡ್ರಾಯರಿನಲ್ಲಿಟ್ಟು ಬಂದರು.

ಹಿಂಬಾಗಿಲಿಗೆ ಬೀಗ ಬಿತ್ತು. ಈಗ ನಾನು ಪರೀಕ್ಷೆಯ ಅರ್ಧಕ್ಕೇ ಎದ್ದು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, "ಸರಿ ಹಾಗಾದ್ರೆ, ಹೋಗ್ಬನ್ನಿ" ಎನ್ನುತ್ತೇನೆ. ರೋಗಿ ಎದ್ದು, ಕೋಟು ತೊಟ್ಟು, "ಅಂದ್ಹಾಗೆ ಡಾಕ್ಟ್ರೇ..." ಎನ್ನುತ್ತಾರೆ. ನಾನು ಬಾಗಿಲು ತೆರೆಯದೆ ವಾಪಸು ಬಂದು, ಕುರ್ಚಿ ಎಳೆದುಕೊಂಡು ಕೂರುತ್ತೇನೆ.